ತೊಲೆಯೊಳಗಿನ ಹುರಿ
(ಬಾನುಲಿ ಭಾಷಣ)

2021 ರ ಡಿಸೆಂಬರ್ 25 ರಂದು ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯನ್ನು ವಾಹನ ಸಂಚಾರಕ್ಕೆ ಮುಚ್ಚಿದರು. ನಾಲ್ಕು ಕಿಲೋಮೀಟರಿಗೂ ಮಿಗಿಲಾದ ಉದ್ದದ ಸೇತುವೆ ಅದು. ಬೆಂಗಳೂರಿನಿಂದ ತುಮಕೂರು, ಶಿವಮೊಗ್ಗ, ಹುಬ್ಬಳ್ಳಿಗಳ ಕಡೆಗೆ ಹೊರಟವರೆಲ್ಲ ಏರಿ ಇಳಿಯುವ ಹಾದಿ. ಅದಾದ ಮೂರು ನಾಲ್ಕು ದಿನಕ್ಕೆ ಕಾಯಿಲೆ ಮಲಗಿದ್ದ ಹಳೆಯ ಸಹೋದ್ಯೋಗಿಯೊಬ್ಬರನ್ನು ನೋಡಲು ನಾನು ಬಸವೇಶ್ವರನಗರದಿಂದ ತುಮಕೂರಿಗೆ ಹೊರಟೆ. ಗೊರಗುಂಟೆಪಾಳ್ಯದ ಬಳಿ ಬಸ್ಸು ನಿಂತಿತು. ನಿಂತದ್ದು ಆಮೆಯಂತೆ ತೆವಳತೊಡಗಿತು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕಿಟಕಿಯಿಂದ ಮೇಲಕ್ಕೆ ಬೆರಳು ತೋರಿಸಿ, “ಸೇತುವೆ ನೋಡಿ ಸ್ವಾಮಿ, ಬಂಡೆಯ ಹಾಗೆ ನಿಂತಿದೆ. ಒಂದು ಬಿರುಕಾದರೂ ಕಾಣುತ್ತದೆಯೇ? ಸುಮ್ಮನೆ ಮುಚ್ಚಿ ಜನಕ್ಕೆ ತೊಂದರೆ ಕೊಡುತ್ತಿದ್ದಾರೆ” ಎಂದರು. ನಾನೂ ತಲೆಯೆತ್ತಿ ನೋಡಿದೆ. ನಿಜವೇ, ಒಂದು ಬಿರುಕೂ ಕಾಣಲಿಲ್ಲ. ಅವರಿಗೆ ಹೇಳಲು ನನ್ನಲ್ಲಿ ಉತ್ತರವೂ ಇರಲಿಲ್ಲ.

ಆ ಉತ್ತರವನ್ನು ಹುಡುಕಿಕೊಂಡು ಹೊರಟ ಕಥೆಯೇ ಈ ಹೊತ್ತಿನ ಮಾತು. ಕನ್ನಡ ಎಂ.ಎ. ಮಾಡಿ, ಮೂವತ್ತಕ್ಕೂ ಹೆಚ್ಚು ವರ್ಷ ಹಳಗನ್ನಡ ಪಾಠ ಹೇಳಿ ನಿವೃತ್ತನಾದವನು ಕಾಂಕ್ರೀಟಿನ ವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ನನಗೊಬ್ಬ ಗುರು ಸಿಕ್ಕಿದ್ದ. ಅವನು ನನ್ನ ಶಿಷ್ಯನೇ. ಪಿ.ಯು.ಸಿ. ವಿಜ್ಞಾನದ ತರಗತಿಯಲ್ಲಿ ನನ್ನಿಂದ ಕನ್ನಡ ಕಲಿತು, ಮುಂದೆ ಇಂಜಿನಿಯರಾಗಿ, ಸೇತುವೆಗಳ ಕಾಮಗಾರಿಯಲ್ಲೇ ಆಯುಷ್ಯದ ಬಹುಭಾಗವನ್ನು ಕಳೆದವನು. ಈಗ ನಮ್ಮ ಬಡಾವಣೆಯಲ್ಲಿ, ಸಿದ್ದಯ್ಯ ಪುರಾಣಿಕ ರಸ್ತೆಯ ಆಚೆ, ಎರಡು ಬೀದಿಗಳ ಅಂತರದಲ್ಲಿದ್ದಾನೆ. ಸಂಜೆಯ ವಾಯುವಿಹಾರದಲ್ಲಿ ನಾನು ಪ್ರಶ್ನೆ ಕೇಳುವುದು, ಅವನು ನಿಂತ ನಿಲುವಿನಲ್ಲೇ ಮಣ್ಣಿನ ಮೇಲೆ ಕಡ್ಡಿಯಿಂದ ಗೀಚಿ ಉತ್ತರ ಹೇಳುವುದು, ಹೀಗೆ ಕೆಲವು ತಿಂಗಳು ನಡೆಯಿತು. ಉಳಿದದ್ದನ್ನು ಪುಸ್ತಕಗಳಿಂದ ತಿಳಿದೆ.

ಮೊದಲು ಹೆಸರಿನ ವಿಚಾರ. ಈ ಬಗೆಯ ಕಾಂಕ್ರೀಟಿಗೆ ಇಂಗ್ಲಿಷಿನಲ್ಲಿ ಪ್ರೀಸ್ಟ್ರೆಸ್ಡ್ ಎನ್ನುತ್ತಾರೆ. ‘ಪೂರ್ವಪೀಡಿತ’ ಎಂದು ಯಾರೋ ಅನುವಾದಿಸಿದ್ದನ್ನು ಕಂಡಿದ್ದೇನೆ; ಕೇಳಿದರೆ ಹಿಂದಿನ ಜನ್ಮದ ಕರ್ಮವನ್ನು ಅನುಭವಿಸುತ್ತಿರುವ ಪ್ರಾಣಿಯ ನೆನಪಾಗುತ್ತದೆ. ನಾನು ‘ಮುನ್ನೊತ್ತಡದ ಕಾಂಕ್ರೀಟು’ ಎನ್ನುತ್ತೇನೆ. ಹೊರೆ ಬೀಳುವುದಕ್ಕೆ ಮುನ್ನವೇ ಒತ್ತಿ ಇಟ್ಟಿರುವುದು ಎಂದರ್ಥ. ಹಾಗೆಯೇ ಗರ್ಡರು ಎಂಬುದಕ್ಕೆ ನಮ್ಮಲ್ಲಿ ತೊಲೆ ಎಂಬ ಒಳ್ಳೆಯ ಮಾತುಂಟು. ಎರಡು ಕಂಬಗಳ ನಡುವಣ ಜಾಗಕ್ಕೆ ಅಂಕಣವೆಂಬ ಮಾತುಂಟು. ಹಳ್ಳಿಗಳಲ್ಲಿ ಮನೆಯ ದೊಡ್ಡತನವನ್ನು ‘ಹತ್ತಂಕಣದ ಮನೆ’ ಎಂದು ಅಂಕಣದಿಂದಲೇ ಅಳೆಯುತ್ತಿದ್ದರು. ಸೇತುವೆಯ ಚರಿತ್ರೆಯೆಂದರೆ ಒಂದು ಅರ್ಥದಲ್ಲಿ ಅಂಕಣವನ್ನು ಅಗಲ ಮಾಡುತ್ತ ಹೋದ ಚರಿತ್ರೆಯೇ.

ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯನ್ನು ತಾವು ನೋಡಿರಬಹುದು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804 ರಲ್ಲಿ ಪೂರ್ಣವಾದದ್ದು. ಕಾವೇರಿಯ ಪಾತ್ರದಲ್ಲಿ ಸಾಲುಸಾಲಾಗಿ ಕಲ್ಲುಕಂಬಗಳು, ಅವುಗಳ ಮೇಲೆ ಕಲ್ಲಿನ ತೊಲೆಗಳು. ನೂರಾರು ಪ್ರವಾಹಗಳನ್ನು ಕಂಡ ಸೇತುವೆ. ಆದರೆ ಆ ಕಂಬಗಳು ಎಷ್ಟು ಒತ್ತಾಗಿವೆ ಎಂಬುದನ್ನು ಗಮನಿಸಬೇಕು. ನಮ್ಮ ದೇವಾಲಯಗಳ ನವರಂಗದಲ್ಲಿ ಕಂಬಗಳು ಹತ್ತಿರ ಹತ್ತಿರ ನಿಂತಿರುವುದೂ ಬರಿಯ ಅಲಂಕಾರಕ್ಕಲ್ಲ. ಕಲ್ಲು ಎಷ್ಟು ಒತ್ತಿದರೂ ತಾಳುತ್ತದೆ, ಎಳೆದರೆ ತಾಳದು. ಎರಡು ಕಂಬಗಳ ಮೇಲಿಟ್ಟ ತೊಲೆಯ ಮೇಲೆ ಹೊರೆ ಹೇರಿದಾಗ ಅದು ತುಸು ಬಾಗುತ್ತದೆ. ಬಾಗಿದಾಗ ಅದರ ಮೇಲ್ಮೈ ಒತ್ತಿಕೊಳ್ಳುತ್ತದೆ, ತಳ ಎಳೆಯಲ್ಪಡುತ್ತದೆ. ಆ ಎಳೆತಕ್ಕೆ ಕಲ್ಲು ಸೀಳುತ್ತದೆ. ನಮ್ಮ ಸ್ಥಪತಿಗಳಿಗೆ ಇದು ಚೆನ್ನಾಗಿ ತಿಳಿದಿತ್ತು. ಆದುದರಿಂದಲೇ ಅಂಕಣವನ್ನು ಚಿಕ್ಕದಾಗಿ ಇಟ್ಟರು.

ಕಾಂಕ್ರೀಟೂ ಕಲ್ಲಿನ ಜಾತಿಯದೇ. ಒತ್ತಿದರೆ ತಾಳುವ ಶಕ್ತಿಯ ಹತ್ತನೆಯ ಒಂದು ಭಾಗದಷ್ಟು ಮಾತ್ರ ಅದು ಎಳೆತವನ್ನು ತಾಳುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತೊಲೆಯ ತಳದಲ್ಲಿ ಕಬ್ಬಿಣದ ಸರಳುಗಳನ್ನು ಹುದುಗಿಸಿ ಎಳೆತವನ್ನು ಅವುಗಳಿಗೆ ವಹಿಸಿದರು. ನಮ್ಮ ಮನೆಗಳ ತಾರಸಿಗಳೆಲ್ಲ ಈ ಬಗೆಯವೇ. ಆದರೆ ಇಲ್ಲಿ ಸರಳು ಕೆಲಸ ಆರಂಭಿಸುವುದು ಕಾಂಕ್ರೀಟು ಬಿರಿದ ಮೇಲೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಅಲ್ಲಿ ಇದ್ದೇ ಇರುತ್ತವೆ. ಜೊತೆಗೆ, ಅಂಕಣ ಅಗಲವಾದಂತೆಲ್ಲ ತೊಲೆ ದಪ್ಪವಾಗುತ್ತ ಹೋಗಿ, ಕೊನೆಗೆ ತನ್ನ ಭಾರವನ್ನು ತಾನು ಹೊರುವುದೇ ಅದಕ್ಕೆ ದೊಡ್ಡ ಕೆಲಸವಾಗುತ್ತದೆ.

ಹಾಗಾದರೆ ತೊಲೆಯನ್ನು ಎರಡು ತುದಿಗಳಿಂದ ಮೊದಲೇ ಒತ್ತಿ ಹಿಡಿದರೆ? ಈ ಮಾತನ್ನು ಶಿಷ್ಯ ಹೇಳಿದಾಗ ನನಗೆ ನನ್ನ ಪುಸ್ತಕದ ಕಪಾಟೇ ಕಣ್ಣಿಗೆ ಕಟ್ಟಿತು. ಹತ್ತು ಪುಸ್ತಕಗಳ ಸಾಲನ್ನು ಒಂದೇ ಸಲಕ್ಕೆ ತೆಗೆಯಬೇಕಾದರೆ ನಾವು ಮಾಡುವುದೇನು? ಎರಡೂ ಅಂಗೈಗಳಿಂದ ಸಾಲಿನ ಎರಡು ಕೊನೆಗಳನ್ನು ಬಲವಾಗಿ ಒತ್ತಿ ಎತ್ತುತ್ತೇವೆ. ಅಂಟಿಲ್ಲ, ದಾರವಿಲ್ಲ, ಆದರೂ ಹತ್ತು ಪುಸ್ತಕಗಳು ಒಂದೇ ಹಲಗೆಯಂತೆ ಬರುತ್ತವೆ. ಒತ್ತಡ ಸಡಿಲಿದ ಕ್ಷಣ ನಡುವಿನವು ದೊಪ್ಪನೆ ಬೀಳುತ್ತವೆ. ಹಳ್ಳಿಯಲ್ಲಿ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಾ ಹಾಕುವುದನ್ನು ಕಂಡವರಿಗೂ ಈ ತತ್ತ್ವ ಹೊಸದಲ್ಲ. ಗಾಲಿಗಿಂತ ತುಸು ಚಿಕ್ಕದಾದ ಪಟ್ಟಾವನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ತೊಡಿಸಿ, ನೀರು ಸುರಿಯುತ್ತಾರೆ. ಅದು ಕುಗ್ಗಿ ಮರದ ತುಂಡುಗಳನ್ನೆಲ್ಲ ಬಿಗಿದಪ್ಪಿ ಹಿಡಿಯುತ್ತದೆ.

ಇಷ್ಟು ಸರಳವಾದ ಉಪಾಯ ಕೈಗೂಡಲು ಅರ್ಧ ಶತಮಾನ ಹಿಡಿಯಿತು. 1886 ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಜ್ಯಾಕ್ಸನ್, 1888 ರಲ್ಲಿ ಬರ್ಲಿನ್ನಿನ ಡೋರಿಂಗ್ ಇದಕ್ಕೆ ಹಕ್ಕುಪತ್ರ ಪಡೆದರು. ಆದರೆ ಒತ್ತಡ ಕೆಲವು ಕಾಲದಲ್ಲೇ ಎಲ್ಲಿಯೋ ಸೋರಿಹೋಗುತ್ತಿತ್ತು. ಕಾರಣವನ್ನು ಲೆಕ್ಕದಿಂದಲೇ ನೋಡಬೇಕು. ಸಾಮಾನ್ಯ ಕಬ್ಬಿಣದ ಹತ್ತು ಮೀಟರ್ ಸರಳನ್ನು ಅದು ತಾಳುವಷ್ಟು ಎಳೆದರೆ ಆರು ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಇತ್ತ ಕಾಂಕ್ರೀಟು ಆರುತ್ತ, ಒತ್ತಡದ ಅಡಿಯಲ್ಲಿ ಕುಸಿಯುತ್ತ, ವರ್ಷ ಎರಡು ವರ್ಷಗಳಲ್ಲಿ ತಾನೂ ಆರೋ ಎಂಟೋ ಮಿಲಿಮೀಟರು ಕುಗ್ಗುತ್ತದೆ. ಹಿಗ್ಗಿಸಿದ್ದೆಲ್ಲ ಅಲ್ಲಿಗೆ ಮುಗಿಯಿತು. ಸರಳು ಜೋತುಬಿದ್ದ ಹಗ್ಗದಂತಾಯಿತು. ಮಡಕೆಯಲ್ಲಿ ನೀರಿಟ್ಟು ಒಲೆ ಹಚ್ಚಿದವನಿಗೆ ಮಡಕೆಯ ತೂತು ಗೊತ್ತಿಲ್ಲದಿದ್ದರೆ ಹೇಗೋ ಹಾಗೆ.

ಆ ತೂತನ್ನು ಕಂಡುಹಿಡಿದವರು ಫ್ರಾನ್ಸಿನ ಯೂಜೀನ್ ಫ್ರೆಯ್ಸಿನೆ. ಕಂಡದ್ದೂ ತಮ್ಮ ಕೃತಿಯ ಸೋಲಿನಲ್ಲೇ. ಅಲಿಯೆ ನದಿಗೆ ಲ ವರ್ದ್ರ ಎಂಬಲ್ಲಿ ಅವರು 1911-12 ರಲ್ಲಿ ಮೂರು ಕಮಾನುಗಳ ಸೇತುವೆಯೊಂದನ್ನು ಕಟ್ಟಿದರು. ಎಪ್ಪತ್ತು ಮೀಟರಿಗೂ ಮೀರಿದ, ಆ ಕಾಲಕ್ಕೆ ಸಾಹಸವೆನ್ನಬಹುದಾದ ತೆಳುವಾದ ಕಮಾನುಗಳು. ಪರೀಕ್ಷೆಯಲ್ಲಿ ಸೇತುವೆ ಚೆನ್ನಾಗಿ ಗೆದ್ದಿತು. ಆಮೇಲೆ, ಯಾವ ಹೊರೆಯೂ ಹೆಚ್ಚಿಲ್ಲದಿರುವಾಗ, ಕಮಾನುಗಳ ನೆತ್ತಿ ದಿನದಿನಕ್ಕೆ ಇಳಿಯತೊಡಗಿತು. ಹದಿಮೂರು ಸೆಂಟಿಮೀಟರಿನಷ್ಟು ಇಳಿಯಿತು. ಒಂದು ರಾತ್ರಿ ನಂಬಿಕೆಯ ಕೆಲವೇ ಆಳುಗಳನ್ನು ಎಬ್ಬಿಸಿಕೊಂಡು ಹೋಗಿ, ನೆತ್ತಿಯಲ್ಲಿ ಬಿಟ್ಟಿದ್ದ ಸಂದುಗಳಲ್ಲಿ ಜಾಕಿಗಳನ್ನಿಟ್ಟು ಫ್ರೆಯ್ಸಿನೆ ಕಮಾನುಗಳನ್ನು ಮತ್ತೆ ಮೇಲೆತ್ತಿದರು. ಸೇತುವೆ ಉಳಿಯಿತು, ಎರಡನೆಯ ಮಹಾಯುದ್ಧದಲ್ಲಿ ನಾಶವಾಗುವವರೆಗೂ ಬಾಳಿತು. ಕಾಂಕ್ರೀಟು ಕಲ್ಲಿನಂತೆ ನಿಶ್ಚಲವಾದ ವಸ್ತುವಲ್ಲ, ನಿರಂತರ ಹೊರೆಯ ಅಡಿಯಲ್ಲಿ ಅದು ವರ್ಷಗಟ್ಟಲೆ ಮೆಲ್ಲಮೆಲ್ಲನೆ ಹರಿಯುತ್ತದೆ ಎಂಬ ಅರಿವು ಆ ರಾತ್ರಿಯ ಫಲ. ಆಗಿನ ವಿದ್ವಾಂಸರು ಇದನ್ನು ಸುಲಭವಾಗಿ ಒಪ್ಪಲಿಲ್ಲ.

ಹಾಗಾದರೆ ಉಪಾಯವೇನು? ಕುಗ್ಗುವುದನ್ನು ತಪ್ಪಿಸಲಾಗದು, ಆದರೆ ಹಿಗ್ಗಿಸುವುದನ್ನು ಬಹಳ ಹೆಚ್ಚಿಸಬಹುದು. ಗಟ್ಟಿ ಉಕ್ಕಿನ ತಂತಿಯನ್ನು ಹತ್ತು ಮೀಟರಿಗೆ ಅರವತ್ತು ಅರವತ್ತೈದು ಮಿಲಿಮೀಟರು ಎಳೆದಿಡಿ. ಕಾಂಕ್ರೀಟು ಎಂಟು ಮಿಲಿಮೀಟರು ಕಸಿದುಕೊಂಡರೂ ಐವತ್ತಕ್ಕೂ ಮಿಗಿಲಾಗಿ ಉಳಿಯುತ್ತದೆ. 1928 ರಲ್ಲಿ, ತಮ್ಮ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಫ್ರೆಯ್ಸಿನೆ ಇದಕ್ಕೆ ಹಕ್ಕುಪತ್ರ ಪಡೆದು, ನೆಮ್ಮದಿಯ ಉದ್ಯೋಗವನ್ನು ಬಿಟ್ಟು, ವಿದ್ಯುತ್ ಕಂಬಗಳನ್ನು ತಯಾರಿಸುವ ಕಾರ್ಖಾನೆಗೆ ಕೈಯಲ್ಲಿದ್ದುದನ್ನೆಲ್ಲ ಸುರಿದು ಕಳೆದುಕೊಂಡರು. ಕೈಹಿಡಿದದ್ದು ಲ ಆವ್ರ್ ಬಂದರಿನ ಹಡಗು ನಿಲ್ದಾಣ. ಅದು ಕೆಸರಿನಲ್ಲಿ ಇಳಿಯುತ್ತಿತ್ತು, ಮಿಕ್ಕ ಯಾರಿಗೂ ದಾರಿ ತೋರದಿದ್ದಾಗ 1934 ರ ಸುಮಾರಿಗೆ ಮುನ್ನೊತ್ತಡದ ಬಲದಿಂದ ಅದರ ಅಡಿಪಾಯವನ್ನು ಅವರು ನಿಲ್ಲಿಸಿಕೊಟ್ಟರು. ಅಲ್ಲಿಂದ ಮುಂದೆ ಜಗತ್ತು ಅವರ ಮಾತನ್ನು ಕೇಳಿತು. ಯುದ್ಧ ಮುಗಿದಾಗ ಯೂರೋಪಿನಲ್ಲಿ ಸೇತುವೆಗಳು ಮುರಿದುಬಿದ್ದಿದ್ದವು, ಉಕ್ಕಿಗೆ ಬರ. ಕಡಿಮೆ ಉಕ್ಕಿನಲ್ಲಿ ಅಗಲವಾದ ಅಂಕಣವನ್ನು ದಾಟಿಸುವ ಈ ವಿದ್ಯೆಗೆ ಅದಕ್ಕಿಂತ ಒಳ್ಳೆಯ ಕಾಲ ಬೇರೆ ಇರಲಿಲ್ಲ.

ನಮ್ಮ ದೇಶಕ್ಕೂ ಅದು ಬೇಗನೆ ಬಂದಿತು. ದೇಶ ವಿಭಜನೆಯಾಗಿ ಅಸ್ಸಾಮಿನ ರೈಲುದಾರಿ ಕಡಿದುಹೋದಾಗ ಎರಡೇ ವರ್ಷಗಳಲ್ಲಿ ಹೊಸ ಹಾದಿಯನ್ನು ಹಾಕಿದರಷ್ಟೆ. ಆ ಹಾದಿಯ ಕೆಲವು ಸೇತುವೆಗಳಲ್ಲಿ ಮುನ್ನೊತ್ತಡದ ತೊಲೆಗಳು ಮೊದಲು ಕಾಣಿಸಿಕೊಂಡವು. ರಸ್ತೆಯ ಸೇತುವೆಗಳಲ್ಲಿ ಮೊದಲನೆಯದೆಂದು 1954 ರಲ್ಲಿ ಮುಗಿದ, ಚೆಂಗಲ್ಪಟ್ಟಿನ ಬಳಿಯ ಪಾಲಾರ್ ಸೇತುವೆಯನ್ನು ಹೆಸರಿಸುತ್ತಾರೆ. ನಮ್ಮ ಪಾಲಾರ್ ಎಂದರೂ ತಪ್ಪಿಲ್ಲ; ಆ ಹೊಳೆ ಹುಟ್ಟುವುದು ಕೋಲಾರದ ಸೀಮೆಯಲ್ಲಿ.

ಈಗ ತೊಲೆಯ ಒಳಗೆ ಏನಿದೆ ಎಂಬುದನ್ನು ನೋಡೋಣ. ಒಂದು ತಂತಿಯ ಸುತ್ತ ಆರು ತಂತಿಗಳನ್ನು ಹೊಸೆದ ಏಳೆಳೆಯ ಉಕ್ಕಿನ ಹುರಿ. ಅದರ ದಪ್ಪ ಅರ್ಧ ಅಂಗುಲ. ಆ ಒಂದು ಹುರಿಯನ್ನು ತುಂಡರಿಸಲು ಹದಿನೆಂಟು ಟನ್ನಿಗೂ ಮಿಗಿಲಾದ ಎಳೆತ ಬೇಕು. ಅಂಥ ಹನ್ನೆರಡು ಹುರಿಗಳನ್ನು ಒಟ್ಟಾಗಿ ಒಂದು ತಗಡಿನ ಕೊಳವೆಯಲ್ಲಿ ತೂರಿಸಿದರೆ ಒಂದು ಕೇಬಲು. ಕೊಳವೆ ತೊಲೆಯಲ್ಲಿ ನೇರವಾಗಿ ಹೋಗುವುದಿಲ್ಲ. ಎರಡು ತುದಿಗಳಲ್ಲಿ ಮೇಲಿದ್ದು, ನಡುವೆ ತಳದ ಹತ್ತಿರಕ್ಕೆ ಇಳಿದು, ಬಾಗಿಲಿಗೆ ಕಟ್ಟಿದ ತೋರಣದಂತೆ ಜೋಲುತ್ತದೆ. ಕಾಂಕ್ರೀಟು ಗಟ್ಟಿಯಾದ ಮೇಲೆ ಜಾಕಿಯಿಂದ ಕೇಬಲನ್ನು ಎಳೆಯುತ್ತಾರೆ. ಎಳೆದ ಹಗ್ಗ ನೆಟ್ಟಗಾಗಲು ಬಯಸುವುದು ಸಹಜ. ಜೋಲಿದ ಕೇಬಲು ನೆಟ್ಟಗಾಗಲು ಹೋಗಿ ತೊಲೆಯನ್ನು ನಡುವಿನಲ್ಲಿ ಮೇಲಕ್ಕೆ ನೂಕುತ್ತದೆ. ನೆಲದ ಮೇಲೆ ಅಚ್ಚಿನಲ್ಲಿ ಮಲಗಿದ್ದ ತೊಲೆ ಆಗ ತಾನಾಗಿ ನಡುಬೆನ್ನನ್ನು ಎತ್ತುತ್ತದಂತೆ. “ಅದನ್ನು ಮೊದಲ ಸಲ ಕಂಡಾಗ ಮೈ ಜುಮ್ಮೆಂದಿತು, ಮೇಷ್ಟ್ರೇ. ನಿರ್ಜೀವವಾದದ್ದು ಉಸಿರೆಳೆದುಕೊಂಡ ಹಾಗೆ” ಎಂದು ಶಿಷ್ಯ ಹೇಳಿದ. ನಲವತ್ತು ಮೀಟರಿನ ಕೇಬಲು ಎಳೆದಾಗ ಕಾಲು ಮೀಟರಿನಷ್ಟು ಹಿಗ್ಗಬೇಕು. ಜಾಕಿಯ ಮುಳ್ಳು ತೋರಿಸುವ ಬಲಕ್ಕೂ ಅಳತೆಪಟ್ಟಿ ತೋರಿಸುವ ಹಿಗ್ಗಿಗೂ ತಾಳೆಯಾಗಬೇಕು. ನೂರಕ್ಕೆ ಐದರಷ್ಟು ವ್ಯತ್ಯಾಸವಿದ್ದರೂ ಕೆಲಸ ನಿಲ್ಲಿಸಿ ಕಾರಣ ಹುಡುಕುತ್ತಾರೆ. ಎಳೆದದ್ದು ಆದ ಮೇಲೆ ಹುರಿಗಳನ್ನು ಉಕ್ಕಿನ ಬೆಣೆಗಳಿಂದ ತುದಿಯ ಆಂಕರಿನಲ್ಲಿ ಬಂಧಿಸಿ ಜಾಕಿಯನ್ನು ಬಿಡುತ್ತಾರೆ.

ಮುನ್ನೊತ್ತಡವಿದ್ದರೆ ಸಾಮಾನ್ಯ ಸರಳುಗಳು ಬೇಡವೆಂದು ನಾನು ತಿಳಿದಿದ್ದೆ. ಅದು ತಪ್ಪು. ತೊಲೆಯ ಪಕ್ಕೆಗಳು ಓರೆಯಾಗಿ ಸೀಳದಂತೆ ಉಂಗುರಗಳಾಗಿ ಬಾಗಿಸಿದ ಸರಳುಗಳು ಉದ್ದಕ್ಕೂ ಬೇಕು. ಎಲ್ಲಕ್ಕಿಂತ ಕಠಿಣವಾದ ಜಾಗ ತೊಲೆಯ ತುದಿ. ಒಂದೊಂದು ಕೇಬಲಿನ ನೂರೈವತ್ತು ಟನ್ನಿಗೂ ಮೀರಿದ ಬಲ ಅಲ್ಲಿ ಅಂಗೈಯಗಲದ ಉಕ್ಕಿನ ಬಿಲ್ಲೆಯ ಮೂಲಕ ಕಾಂಕ್ರೀಟಿಗೆ ಇಳಿಯಬೇಕು. ಸೌದೆಗೆ ಹೊಡೆದ ಬೆಣೆಯಂತೆ ಆ ಬಲ ತೊಲೆಯ ತುದಿಯನ್ನು ಸೀಳಲು ನೋಡುತ್ತದೆ. ಸೀಳುವ ಬಲವೆಷ್ಟು, ಎಷ್ಟು ಆಳದಲ್ಲಿ ಅದು ಹೆಚ್ಚು, ಎಷ್ಟು ಸರಳನ್ನು ಎಲ್ಲಿ ಸುರುಳಿ ಸುತ್ತಿ ಇಡಬೇಕು ಎಂಬ ಪ್ರಶ್ನೆಯ ಮೇಲೆ ಬೆಲ್ಜಿಯಮ್ಮಿನ ಮ್ಯಾಗ್ನೆಲ್, ಫ್ರಾನ್ಸಿನ ಗಿಯೋಂ ಮೊದಲಾದವರು ದುಡಿದರು. ನನಗೆ ಹಿಗ್ಗಾದದ್ದು ಆ ಹೆಸರುಗಳ ಸಾಲಿನಲ್ಲಿ ನಮ್ಮ ಊರಿನ ಹೆಸರೊಂದನ್ನು ಕಂಡಾಗ. ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ಇಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಕೆ. ಟಿ. ಸುಂದರರಾಜ ಅಯ್ಯಂಗಾರರು ಇದೇ ಪ್ರಶ್ನೆಯನ್ನು ಕುರಿತು 1962 ರ ಅಕ್ಟೋಬರಿನಲ್ಲಿ ಅಮೆರಿಕದ ಕಾಂಕ್ರೀಟ್ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಅದುವರೆಗಿನ ಸಿದ್ಧಾಂತಗಳನ್ನು ಒರೆಗೆ ಹಚ್ಚಿ ನೋಡಿದ ಆ ಪ್ರಬಂಧವನ್ನು ಇಂದಿಗೂ ವಿದ್ವಾಂಸರು ಉಲ್ಲೇಖಿಸುತ್ತಾರೆ. ಟಾಟಾ ಇನ್‌ಸ್ಟಿಟ್ಯೂಟಿನ ಮರಗಳ ನೆರಳಿನಲ್ಲಿ ಅರುವತ್ತು ವರ್ಷಗಳ ಹಿಂದೆ ಕಾಗದದ ಮೇಲೆ ಬಿಡಿಸಿದ ಗಣಿತ ಅದು. ಬೆಂಗಳೂರಿನವರೇ ಆದ ಎನ್. ಕೃಷ್ಣರಾಜು ಅವರು ಬರೆದ ಪಠ್ಯಪುಸ್ತಕವನ್ನು ಓದಿಯೇ ದೇಶದ ಎಷ್ಟೋ ಸಾವಿರ ವಿದ್ಯಾರ್ಥಿಗಳು ಈ ಶಾಸ್ತ್ರವನ್ನು ಕಲಿತರು. ನನ್ನ ಶಿಷ್ಯನ ಮನೆಯಲ್ಲಿ ಅದರ ಹಳೆಯ ಪ್ರತಿಯೊಂದು, ರಟ್ಟು ಕಿತ್ತು ಬಂದರೂ, ಇನ್ನೂ ಇದೆ.

ಪರೀಕ್ಷೆಯ ವಿಷಯಕ್ಕೆ ಬರೋಣ. 1949 ರ ಅಕ್ಟೋಬರ್ 25 ರಂದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಒಂದು ವಿಚಿತ್ರವಾದ ಜಾತ್ರೆ ನೆರೆಯಿತು. ವಾಲ್ನಟ್ ಲೇನ್ ಎಂಬಲ್ಲಿ ಮ್ಯಾಗ್ನೆಲ್ ವಿನ್ಯಾಸ ಮಾಡಿದ ಸೇತುವೆ ಏಳಲಿತ್ತು. ಅಮೆರಿಕದವರಿಗೆ ಈ ವಿದ್ಯೆಯಲ್ಲಿ ನಂಬಿಕೆ ಸಾಲದು. ಆದುದರಿಂದ ನೂರ ಅರುವತ್ತು ಅಡಿ ಉದ್ದದ, ನಿಜವಾದ ಅಳತೆಯ ತೊಲೆಯೊಂದನ್ನು ಎರಕ ಹೊಯ್ದು, ನೂರಾರು ಇಂಜಿನಿಯರುಗಳ ಕಣ್ಣೆದುರಿನಲ್ಲಿ ಅದು ತಡೆಯಲಾರದಷ್ಟು ಲೋಹದ ಭಾರವನ್ನು ಹೇರುತ್ತ ಹೋದರು. ವಿನ್ಯಾಸದ ಹೊರೆಯನ್ನು ಎಷ್ಟೋ ಮೀರಿದ ಮೇಲೂ ತೊಲೆ ನಿಂತಿತ್ತು. ಆ ಒಂದು ಪ್ರದರ್ಶನ ಅಮೆರಿಕದ ಮನಸ್ಸನ್ನು ಬದಲಿಸಿತೆನ್ನುತ್ತಾರೆ. ಮುಂದೆ ಆ ಸೇತುವೆ ನಲವತ್ತು ವರ್ಷಗಳಲ್ಲೇ ಶಿಥಿಲವಾಗಿ, 1990 ರ ಸುಮಾರಿಗೆ ಅದರ ತೊಲೆಗಳನ್ನೆಲ್ಲ ಬದಲಿಸಬೇಕಾಯಿತು ಎಂಬುದನ್ನೂ ಮರೆಯದೆ ಹೇಳಬೇಕು.

ಕಟ್ಟಿದ ಸೇತುವೆಯನ್ನು ಮುರಿದು ನೋಡುವಂತಿಲ್ಲ. ಅದಕ್ಕೆ ಬೇರೆ ಪರೀಕ್ಷೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ, ತೂಕ ತುಂಬಿದ ಲಾರಿಗಳನ್ನು ಅಂಕಣದ ಮೇಲೆ ಹಂತಹಂತವಾಗಿ ತಂದು ನಿಲ್ಲಿಸಿ, ಇಪ್ಪತ್ತನಾಲ್ಕು ಗಂಟೆ ಹಾಗೆಯೇ ಬಿಟ್ಟು, ತೊಲೆ ಎಷ್ಟು ಬಾಗಿತೆಂದು ಮಿಲಿಮೀಟರಿನ ಭಿನ್ನಾಂಶದವರೆಗೂ ಅಳೆಯುತ್ತಾರೆ. ಬಿಸಿಲಿಗೆ ಸೇತುವೆ ತಾನೇ ಬಾಗುವುದುಂಟು. ಆ ಲೆಕ್ಕವನ್ನು ಕಳೆಯುತ್ತಾರೆ. ಆಮೇಲೆ ಲಾರಿಗಳನ್ನು ತೆಗೆದು ಮತ್ತೆ ಇಪ್ಪತ್ತನಾಲ್ಕು ಗಂಟೆ ಕಾಯುತ್ತಾರೆ. ಬಾಗಿದ್ದರಲ್ಲಿ ಎಷ್ಟು ಪಾಲು ಹಿಂದಕ್ಕೆ ಬಂದಿತು ಎಂಬುದೇ ಮುಖ್ಯ. ಸಾಮಾನ್ಯ ಸರಳಿನ ಸೇತುವೆಯಾದರೆ ನೂರಕ್ಕೆ 75, ಮುನ್ನೊತ್ತಡದ್ದಾದರೆ ನೂರಕ್ಕೆ 85 ಭಾಗ ಮರಳಬೇಕು. ಹೊರೆ ಹೊತ್ತದ್ದಕ್ಕಲ್ಲ ಅಂಕ, ಹೊರೆಯಿಳಿದ ಮೇಲೆ ಬೆನ್ನು ನೆಟ್ಟಗಾದದ್ದಕ್ಕೆ. ನಾನು ಪರೀಕ್ಷಕನಾಗಿದ್ದ ಯಾವ ಪರೀಕ್ಷೆಯಲ್ಲೂ ಇಂಥ ನ್ಯಾಯವಾದ ನಿಯಮವಿರಲಿಲ್ಲ.

ಆದರೂ ಬಸ್ಸಿನ ಹಿರಿಯರ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಹುರಿಗಳನ್ನು ಎಳೆದು ಬಂಧಿಸಿದ ಮೇಲೆ ಕೊಳವೆಯಲ್ಲಿ ಖಾಲಿ ಜಾಗ ಉಳಿಯುತ್ತದೆ. ಅಲ್ಲಿಗೆ ಒಂದು ತುದಿಯಿಂದ ಸಿಮೆಂಟಿನ ಹಾಲನ್ನು ಪಂಪಿನಿಂದ ಒತ್ತಿ, ಇನ್ನೊಂದು ತುದಿಯಲ್ಲಿ ಅದೇ ಮಂದದ ಹಾಲು ಹೊರಬರುವವರೆಗೂ ತುಂಬಬೇಕು. ಇದಕ್ಕೆ ಗ್ರೌಟಿಂಗ್ ಎನ್ನುತ್ತಾರೆ. ಉಕ್ಕಿಗೆ ತುಕ್ಕು ಹಿಡಿಯದಂತೆ ಕಾಯುವುದು ಈ ಹಾಲು. ಎಲ್ಲಿ ಅದು ತುಂಬದೆ ಗಾಳಿ ಉಳಿಯಿತೋ, ಎಲ್ಲಿ ನೀರು ಬೇರ್ಪಟ್ಟು ಪೊಳ್ಳಾಯಿತೋ, ಅಲ್ಲಿ ಹುರಿಗೆ ತುಕ್ಕು. ಮನೆಯ ತಾರಸಿಯ ಸರಳಿಗೆ ತುಕ್ಕು ಹಿಡಿದರೆ ಅದು ಉಬ್ಬಿ, ಗಾರೆಯನ್ನು ಸಿಡಿಸಿ, ಕೆಂಪು ಕಲೆ ತೋರಿಸಿ, ನಮ್ಮನ್ನು ಎಚ್ಚರಿಸುತ್ತದೆ. ನಮ್ಮ ಮನೆಗೆ ಹತ್ತಿರದ ಸುಮನಹಳ್ಳಿ ಮೇಲ್ಸೇತುವೆಯಲ್ಲಿ 2019 ರ ನವೆಂಬರಿನಲ್ಲಿಯೂ 2022 ರ ಸೆಪ್ಟೆಂಬರಿನಲ್ಲಿಯೂ ತೂತು ಬಿದ್ದು ಸರಳು ಹೊರಗೆ ಕಂಡಿತು. ಊರಿಗೆ ಊರೇ ನೋಡಿತು, ಬಯ್ದಿತು, ರಿಪೇರಿಯಾಯಿತು. ಎಳೆದಿಟ್ಟ ಹುರಿಯ ವಿಷಯ ಹಾಗಲ್ಲ. ತುಕ್ಕು ಅದರ ಮೈಯಲ್ಲಿ ಸಣ್ಣ ಕುಳಿ ತೋಡಿದರೆ ಸಾಕು, ಉಳಿದ ಎಳೆ ಆ ಮಹಾ ಎಳೆತವನ್ನು ತಾಳಲಾರದೆ ಪಟ್ಟನೆ ತುಂಡಾಗುತ್ತದೆ. ಮಿಕ್ಕ ಹುರಿಗಳು ಒತ್ತಿ ಹಿಡಿದಿರುವುದರಿಂದ ಹೊರಗಿನ ಕಾಂಕ್ರೀಟು ಬಿರುಕಿಲ್ಲದೆ ನುಣ್ಣಗೆ ಕಾಣುತ್ತಲೇ ಇರುತ್ತದೆ, ಕೊನೆಯ ದಿನದವರೆಗೆ.

ಹೀಗೆ ಆದದ್ದುಂಟು. ವೇಲ್ಸ್ ಪ್ರಾಂತದಲ್ಲಿ 1953 ರಲ್ಲಿ ಕಟ್ಟಿದ ಇನಿಸ್-ಇ-ಗ್ವಾಸ್ ಎಂಬ ಪುಟ್ಟ ಸೇತುವೆ 1985 ರ ಡಿಸೆಂಬರ್ 4 ರಂದು ಯಾವ ಮುನ್ಸೂಚನೆಯೂ ಇಲ್ಲದೆ ಕುಸಿಯಿತು. ತುಂಡುಗಳನ್ನು ಜೋಡಿಸಿದ ಸಂದುಗಳಲ್ಲಿ ಹುರಿಗಳು ತುಕ್ಕು ತಿಂದು ಹೋಗಿದ್ದವು. ಬ್ರಿಟನ್ನಿನ ಸರಕಾರ 1992 ರಲ್ಲಿ ಇಂಥ ಹೊಸ ಸೇತುವೆಗಳನ್ನೇ ಕೆಲವು ಕಾಲ ನಿಷೇಧಿಸಿಬಿಟ್ಟಿತು. ನಮಗೆ ನೆರೆಯಾದ ಗೋವಾದಲ್ಲಿ, 1970 ರ ಸುಮಾರಿಗೆ ತೆರೆದ ಮಾಂಡೋವಿ ಸೇತುವೆ 1986 ರ ಜುಲೈ 5 ರಂದು ನದಿಗೆ ಬಿದ್ದಿತು. ಕಡಲಿನ ಉಪ್ಪುಗಾಳಿ ಅಲ್ಲಿ ಉಕ್ಕಿನ ಶತ್ರು.

ಪೀಣ್ಯದ ಸೇತುವೆಯಾದರೋ 2010 ರಲ್ಲಿ ತೆರೆದದ್ದು, ಉಪ್ಪುಗಾಳಿಯೂ ಇಲ್ಲ. 2021 ರ ಡಿಸೆಂಬರಿನಲ್ಲಿ 102 ಮತ್ತು 103 ನೆಯ ಕಂಬಗಳ ನಡುವಣ ಅಂಕಣದ ಕೇಬಲುಗಳಲ್ಲಿ ದೋಷ ಕಂಡುಬಂದಿತು. ನೋಡಿದವರು ಒಳಗೆ ನೋಡಿದ್ದರು. ನಾನೂ ಬಸ್ಸಿನ ಹಿರಿಯರೂ ನೋಡಿದ್ದು ಹೊರಗಿನಿಂದ. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಪರಿಶೀಲಿಸಿದರು. 2022 ರ ಫೆಬ್ರುವರಿಯಲ್ಲಿ ಲಘು ವಾಹನಗಳಿಗೆ ಮಾತ್ರ ದಾರಿ ಬಿಟ್ಟರು. ಪ್ರತಿ ಅಂಕಣದಲ್ಲೂ ಮೊದಲಿದ್ದ ಕೇಬಲುಗಳ ಜೊತೆಗೆ ಹೊಸದಾಗಿ ಎರಡೆರಡನ್ನು ಸೇರಿಸಿ ಬಿಗಿದರು; 120 ಅಂಕಣಗಳಿಗೆ 240 ಕೇಬಲುಗಳು. 2024 ರ ಜನವರಿಯಲ್ಲಿ ಸೇತುವೆಯನ್ನು ಮತ್ತೆ ಪೂರ್ತಿಯಾಗಿ ಮುಚ್ಚಿ, ತೂಕದ ಲಾರಿಗಳನ್ನು ನಿಲ್ಲಿಸಿ ಪರೀಕ್ಷಿಸಿದರು. ಭಾರಿ ವಾಹನಗಳಿಗೆ ಅಪ್ಪಣೆಯಾದದ್ದು 2024 ರ ಜುಲೈ 29 ರಿಂದ. ಅದೂ ಶುಕ್ರವಾರ ಬೆಳಗಿನಿಂದ ಶನಿವಾರ ಬೆಳಗಿನವರೆಗೆ ಬಿಟ್ಟು. ಆ ಒಂದು ದಿನ ದುರಸ್ತಿಯವರದು. ಎರಡೂವರೆ ವರ್ಷ ಸಾವಿರಾರು ಲಾರಿಗಳು ಕೆಳಗಿನ ರಸ್ತೆಯಲ್ಲಿ ತೆವಳಿದವು, ಜನ ಶಪಿಸಿದರು. ನಾನೂ ಶಪಿಸಿದವನೇ. ಈಗ ಮುಚ್ಚಿದವರನ್ನು ಶಪಿಸಲಾರೆ. ಹನ್ನೆರಡು ವರ್ಷ ತುಂಬುವ ಮೊದಲೇ ಮುಚ್ಚುವಂತಾಗಿದ್ದೇಕೆ ಎಂದು ಕೇಳುವುದನ್ನಂತೂ ಬಿಡಲಾರೆ.

ಇದನ್ನೇ ಒಂದು ಸಂಜೆ ಶಿಷ್ಯನಲ್ಲಿ ಕೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ತನ್ನ ಮೊದಲ ನೌಕರಿಯ ಒಂದು ರಾತ್ರಿಯನ್ನು ಹೇಳಿದ. ಯಾವ ಊರು, ಯಾವ ಹೊಳೆ, ಯಾರ ಕಾಮಗಾರಿ ಎಂಬುದನ್ನು ನಾನು ಹೇಳುವುದಿಲ್ಲ. ನಲವತ್ತು ಮೀಟರಿನ ತೊಲೆಯೊಂದಕ್ಕೆ ಗ್ರೌಟಿಂಗ್ ನಡೆದಿತ್ತು. ಕೊಳವೆಯ ಖಾಲಿ ಜಾಗದ ಲೆಕ್ಕಕ್ಕೆ ಕೇಬಲೊಂದಕ್ಕೆ ಸಿಮೆಂಟು ಮೂರೂವರೆ ಚೀಲ ಬೇಕು. ಎರಡು ಚೀಲ ಮುಗಿಯುವಷ್ಟರಲ್ಲಿ ಪಂಪು ಮುಂದಕ್ಕೆ ಒತ್ತಲಾರದೆ ನಿಂತಿತು. ಆಚೆಯ ತುದಿಯಲ್ಲಿ ಒಂದು ಹನಿಯೂ ಬಂದಿಲ್ಲ. ನಡುವೆ ಎಲ್ಲೋ ಕಟ್ಟಿಕೊಂಡಿದೆ. ತೊಳೆದು ಮತ್ತೆ ತುಂಬಬೇಕೆಂದು ಇವನು ಹೇಳಿದ. ರಾತ್ರಿ ಹನ್ನೊಂದಾಗಿತ್ತು, ಬೆಳಿಗ್ಗೆ ತೊಲೆಯನ್ನು ಕಂಬದ ಮೇಲೇರಿಸಲು ಕ್ರೇನು ಬರುವುದಿತ್ತು. ಆಚೆಯ ತುದಿಗೆ ಒಂದು ಬೊಗಸೆ ಸಿಮೆಂಟನ್ನು ಮೆತ್ತಿ, ರಿಜಿಸ್ಟರಿನಲ್ಲಿ ಮೂರೂವರೆ ಚೀಲವೆಂದು ಬರೆದು ಸಹಿ ಹಾಕು ಎಂದರಂತೆ ಮೇಲಿನವರು. ಹಸ್ತಪ್ರತಿಗಳಲ್ಲಿ ಹುಳು ತಿಂದ ಜಾಗವನ್ನು ತನ್ನ ಮಾತಿನಿಂದ ತುಂಬಿ, ಏನೂ ಆಗಲಿಲ್ಲವೆಂಬಂತೆ ಮುಂದೆ ಹೋಗುವ ಲಿಪಿಕಾರರನ್ನು ನಾನು ಬಲ್ಲೆ. ಅವರಿಂದ ಕೆಡುವುದು ಒಂದು ಪದ್ಯ.

ಇವನು ಸಹಿ ಹಾಕಲಿಲ್ಲ. ಹದಿನೈದು ದಿನದಲ್ಲಿ ಬೇರೆ ಊರಿನ ಕಾಮಗಾರಿಗೆ ವರ್ಗವಾಯಿತು. ಅವನ ಜಾಗಕ್ಕೆ ಬಂದವನು ಸಹಿ ಹಾಕಿದ. ಆ ಕೊಳವೆಯನ್ನು ಮತ್ತೆ ತುಂಬಿದರೋ ಇಲ್ಲವೋ ಇವನಿಗೆ ತಿಳಿಯಲಿಲ್ಲ. ಆಮೇಲೆ ಇವನು ಬರೆದ ಎರಡು ಕಾಗದಗಳಿಗೆ ಉತ್ತರ ಬರಲಿಲ್ಲ.

2024 ರ ಆಗಸ್ಟ್ 7 ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದಿತು. ಚಾಲಕ ಬದುಕಿಕೊಂಡ. ಬೆಳಗಿನ ಸುದ್ದಿ ಕೇಳಿದ ಕೂಡಲೆ ಶಿಷ್ಯ ನಮ್ಮ ಮನೆಗೆ ಬಂದ. ಕಾಫಿ ಮುಂದಿಟ್ಟರೂ ಕುಡಿಯಲಿಲ್ಲ. ಅದು ಅವನ ಸೇತುವೆಯಲ್ಲ, ಅದಕ್ಕೂ ಇವನಿಗೂ ಸಂಬಂಧವಿಲ್ಲ. ಆ ತಿಂಗಳಲ್ಲೇ ನಮ್ಮ ಮೆಟ್ರೋದ ಮೂರನೆಯ ಹಂತಕ್ಕೆ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ಬಂದಿತು. ಹೊಸಹಳ್ಳಿಯಿಂದ ಕಡಬಗೆರೆಗೆ, ಮಾಗಡಿ ರಸ್ತೆಯ ಮೇಲೆ, ನಮ್ಮ ಬಡಾವಣೆಯ ಅಂಚಿನಲ್ಲೇ ಮತ್ತೆ ಸಾಲು ತೊಲೆಗಳು ಏರಲಿವೆ. ನಾನು ಮಾತು ಬದಲಿಸಲೆಂದು ಅದನ್ನು ಎತ್ತಿದೆ. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ.

“ನಿನ್ನ ಆ ಸೇತುವೆ ಈಗ ಹೇಗಿದೆಯಪ್ಪ?” ಎಂದೆ.

“ನಿಂತಿದೆ, ಮೇಷ್ಟ್ರೇ. ಬಸ್ಸು, ಲಾರಿ ಎಲ್ಲ ಓಡಾಡುತ್ತಿವೆ. ವರ್ಷಕ್ಕೊಂದು ಸಲ ಹೋಗಿ ಹೊಳೆಗಿಳಿದು ಅಡಿಯಿಂದ ನೋಡಿ ಬರುತ್ತೇನೆ.”

“ಏನು ಕಾಣುತ್ತದೆ?”

“ಏನೂ ಕಾಣುವುದಿಲ್ಲ” ಎಂದ.